ಹೆದ್ದಾರಿ ಬಿಟ್ಟು ಪಡುಕರೆ ಹಿಡಿದರೆ: ಕಾಪುವಿನಿಂದ ಕೋಡಿ ಬೆಂಗ್ರೆಗೆ ಸೈಕಲ್ಲಿನಲ್ಲಿ

ಉಡುಪಿ ಕಡೆ ಸೈಕಲ್ ತುಳಿಯಬೇಕು ಅಂತ ಯಾರಾದರೂ ಕೇಳಿದರೆ ಹತ್ತರಲ್ಲಿ ಎಂಟು ಜನ ಹೇಳುವುದು ಮರವಂತೆ. ಒಂದು ಕಡೆ ಕಡಲು, ಇನ್ನೊಂದು ಕಡೆ ಸೌಪರ್ಣಿಕಾ, ನಡುವೆ ರಸ್ತೆ. ಚಿತ್ರದಲ್ಲಿ ಚೆನ್ನಾಗಿರುತ್ತದೆ, ನಿಜ. ಆದರೆ ಆ ರಸ್ತೆ ರಾಷ್ಟ್ರೀಯ ಹೆದ್ದಾರಿ 66. ಪಕ್ಕದಲ್ಲೇ ಟ್ಯಾಂಕರ್, ಹಿಂದೆ ಹಾರ್ನ್ ಹೊಡೆಯುವ ಎಕ್ಸ್‌ಪ್ರೆಸ್ ಬಸ್. ಅಲ್ಲಿ ಸೈಕಲ್ಲಿನ ಮೇಲೆ ಕೂತವನಿಗೆ ಕಡಲು ನೋಡುವ ಧೈರ್ಯ ಎಲ್ಲಿಂದ ಬರಬೇಕು?

ಅಂಥದ್ದೇ ದೃಶ್ಯ, ಆದರೆ ಗದ್ದಲ ಇಲ್ಲದ ರಸ್ತೆ ಒಂದಿದೆ. ಕಾಪುವಿನಿಂದ ಮಟ್ಟು ಮೇಲೆ ಮಲ್ಪೆಗೆ, ಅಲ್ಲಿಂದ ಹೂಡೆ ದಾಟಿ ಕೋಡಿ ಬೆಂಗ್ರೆಯ ತುದಿಗೆ. ಒಂದು ಕಡೆಗೆ ಸುಮಾರು 27 ಕಿಲೋಮೀಟರ್. ಹೋಗಿ ಬರುವುದಕ್ಕೆ ಒಂದು ದಿನ ಸಾಕು. ನಾನು ಮತ್ತು ಭಾವ ಇದನ್ನು ಎರಡು ಸಲ ಮಾಡಿದ್ದೇವೆ. ಮೊದಲನೆಯ ಸಲ ತಪ್ಪಾಗಿ, ಎರಡನೆಯ ಸಲ ಸರಿಯಾಗಿ.

ಮೊದಲು ಊರಿನ ಹೆಸರುಗಳ ಬಗ್ಗೆ ಹೇಳಿಬಿಡುತ್ತೇನೆ. ಇಲ್ಲಿ ಫೋನಿನ ನಕ್ಷೆಗಿಂತ ಅವೇ ಜಾಸ್ತಿ ಉಪಯೋಗಕ್ಕೆ ಬರುತ್ತವೆ. ಪಡು ಎಂದರೆ ಪಶ್ಚಿಮ, ಕರೆ ಎಂದರೆ ದಡ. ಉದ್ಯಾವರ ಪಡುಕರೆ, ಕಡೆಕಾರು ಪಡುಕರೆ, ಮಲ್ಪೆ ಪಡುಕರೆ, ಹೀಗೆ ಹೆಸರಿನಲ್ಲಿ ಪಡುಕರೆ ಬಂತು ಅಂದರೆ ನೀವು ಕಡಲಿನ ಪಕ್ಕ ಇದ್ದೀರಿ, ಹೆದ್ದಾರಿ ದೂರ ಉಳಿಯಿತು. ಬೆಂಗ್ರೆ ಎಂದರೆ ನದಿಗೂ ಕಡಲಿಗೂ ನಡುವೆ ಚಾಚಿಕೊಂಡ ಮರಳು ನೆಲ. ಕೋಡಿ ಎಂದರೆ ತುದಿ. ಅಂದಮೇಲೆ ಕೋಡಿ ಬೆಂಗ್ರೆಯಲ್ಲಿ ರಸ್ತೆ ಮುಗಿಯುತ್ತದೆ ಅಂತ ಹೆಸರೇ ಹೇಳುತ್ತಿದೆ. ನಮಗೆ ಅದು ಹೊಳೆದದ್ದು ನೀರಿನ ಮುಂದೆ ನಿಂತ ಮೇಲೆ.

ಈಗ ಮೊದಲ ಸಲದ ತಪ್ಪು. ಉಡುಪಿಯಲ್ಲಿ ಉಳಿದಿದ್ದೆವು. ಬೆಳಿಗ್ಗೆ ಮಲ್ಪೆಗೆ ಹೋಗಿ, ಅಲ್ಲಿಂದ ದಕ್ಷಿಣಕ್ಕೆ ಕಾಪುವಿನತ್ತ ಹೊರಟೆವು. ಹೋಗುವಾಗ ಹಾಯಾಗಿತ್ತು. ಮಧ್ಯಾಹ್ನ ಊಟ ಮುಗಿಸಿ ಉತ್ತರಕ್ಕೆ ತಿರುಗಿದೆವು ನೋಡಿ, ಗಾಳಿ ಎದುರಿಗೇ ನಿಂತಿತ್ತು. ನೆಲ ಸಪಾಟು, ಆದರೂ ಗುಡ್ಡ ಹತ್ತಿದ ಹಾಗೆ. ಬೆಳಿಗ್ಗೆ ಮುಕ್ಕಾಲು ಗಂಟೆಯಲ್ಲಿ ಮುಗಿದ ದಾರಿಗೆ ಎರಡು ಗಂಟೆ ಹಿಡಿಯಿತು. "ಭಾವ, ನಿಮ್ಮ ಬ್ರೇಕ್ ಹಿಡಿದುಕೊಂಡಿದೆಯಾ ನೋಡಿ" ಅಂತ ನಾನು, "ನಿನ್ನದನ್ನು ನೀನು ನೋಡಿಕೊ" ಅಂತ ಅವರು.

ಕಾರಣ ಸುಲಭದ್ದು. ಬಿಸಿಲೇರಿದಂತೆ ನೆಲ ಕಡಲಿಗಿಂತ ಬೇಗ ಕಾಯುತ್ತದೆ. ನೆಲದ ಮೇಲಿನ ಗಾಳಿ ಮೇಲೇರುತ್ತದೆ, ಆ ಜಾಗಕ್ಕೆ ಕಡಲಿನ ಗಾಳಿ ನುಗ್ಗುತ್ತದೆ. ಚಳಿಗಾಲ, ಬೇಸಿಗೆಯಲ್ಲಿ ಇಲ್ಲಿ ಮಧ್ಯಾಹ್ನದ ಗಾಳಿ ಹೆಚ್ಚಾಗಿ ವಾಯವ್ಯದಿಂದ ಬರುತ್ತದೆ. ಬೆಳಗಿನ ಹೊತ್ತು ಗಾಳಿ ಹಗುರ, ಅದೂ ನೆಲದ ಕಡೆಯಿಂದ. ಆದ್ದರಿಂದ ಬೆಳಿಗ್ಗೆ ಉತ್ತರಕ್ಕೆ ಹೋಗಿ, ಮಧ್ಯಾಹ್ನ ದಕ್ಷಿಣಕ್ಕೆ ಬನ್ನಿ. ಬರುವಾಗ ಗಾಳಿಯೇ ನಿಮ್ಮನ್ನು ತಳ್ಳಿಕೊಂಡು ಬರುತ್ತದೆ. ಈ ಬರಹದಲ್ಲಿ ಒಂದೇ ಮಾತು ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ.

ಹಾಗಾಗಿ ಎರಡನೆಯ ಸಲ ಕಾಪುವಿನಲ್ಲೇ ಉಳಿದೆವು. ಜನವರಿ ತಿಂಗಳು. ಆಗ ಇಲ್ಲಿ ಸೂರ್ಯ ಹುಟ್ಟುವಾಗ ಏಳು ಗಂಟೆಯ ಹತ್ತಿರ ಆಗುತ್ತದೆ. ನಾವು ಆರೂವರೆಗೆ ಹೊರಟೆವು. ಹಿಂದೆ ಮುಂದೆ ದೀಪ ಬೇಕೇ ಬೇಕು, ಯಾಕೆಂದರೆ ತೆಂಗಿನ ತೋಟದೊಳಗೆ ಇನ್ನೂ ಕತ್ತಲೆ. ದಾರಿಗೆ ಅಡ್ಡ ಬಿದ್ದ ಮಡಲು, ಅಂದರೆ ತೆಂಗಿನ ಗರಿ, ಕಾಣುವುದಿಲ್ಲ. ನಾಯಿಗಳೂ ಆ ಹೊತ್ತಿಗೇ ಚುರುಕು. ಅಟ್ಟಿಸಿಕೊಂಡು ಬಂದರೆ ಸೈಕಲ್ ಜೋರಾಗಿ ಓಡಿಸಬೇಡಿ, ಇಳಿದು ಸೈಕಲ್ಲನ್ನು ನಡುವೆ ಇಟ್ಟುಕೊಂಡು ನಡೆಯಿರಿ. ಹತ್ತು ಹೆಜ್ಜೆಗೆ ಅವುಗಳ ಆಸಕ್ತಿ ಮುಗಿಯುತ್ತದೆ.

ಕೈಪುಂಜಾಲು ದಾಟಿದ ಮೇಲೆ ಶುರುವಾಗುವುದು ಈ ದಾರಿಯ ಅತಿ ಚೆಂದದ ಭಾಗ. ಪಾಂಗಾಳದ ಕಡೆಯಿಂದ ಬರುವ ಹೊಳೆ ಕಡಲಿಗೆ ಇನ್ನೇನು ಸೇರಿತು ಅನ್ನುವಷ್ಟು ಹತ್ತಿರ ಬಂದು, ಸೇರದೆ ಉತ್ತರಕ್ಕೆ ತಿರುಗುತ್ತದೆ. ಮುಂದೆ ಉದ್ಯಾವರ ಹೊಳೆಯ ಜೊತೆಗೂಡಿ ಕಡಲಿಗೆ ಸಮಾನಾಂತರವಾಗಿಯೇ ಹರಿದು ಮಲ್ಪೆಯ ಅಳಿವೆಯಲ್ಲಿ ಕಡಲು ಸೇರುತ್ತದೆ. ಅಲ್ಲಿಯವರೆಗೂ ನಿಮ್ಮ ಎಡಕ್ಕೆ ಕಡಲು, ಬಲಕ್ಕೆ ಹೊಳೆ. ನಡುವೆ ಒಂದು ಸಣ್ಣ ರಸ್ತೆ, ಎರಡೂ ಬದಿ ಮನೆ, ತೆಂಗು, ಅಂಗಳದಲ್ಲಿ ಬೋರಲು ಹಾಕಿದ ದೋಣಿ. ಕೆಲವು ಕಡೆ ಈ ಪಟ್ಟಿ ಎಷ್ಟು ಕಿರಿದು ಎಂದರೆ ಒಂದೇ ಜಾಗದಲ್ಲಿ ನಿಂತು ಎರಡೂ ನೀರು ಕಾಣಬಹುದು. ಮರವಂತೆಯಲ್ಲಿ ಸಿಗುವುದೂ ಇದೇ ಅಲ್ವಾ? ಇಲ್ಲಿ ಅದು ಕಿಲೋಮೀಟರ್‌ಗಟ್ಟಲೆ ಸಿಗುತ್ತದೆ, ಅದೂ ಒಂದು ಸ್ಕೂಟರ್, ಒಂದು ಮೀನಿನ ಬೈಕ್ ಬಿಟ್ಟರೆ ಬೇರೆ ಸದ್ದಿಲ್ಲದೆ.

ಮಟ್ಟುವಿನಲ್ಲಿ ಸೇತುವೆ ದಾಟಿ ಒಳಗೆ ಹೋದರೆ ಗುಳ್ಳದ, ಅಂದರೆ ಗುಂಡು ಬದನೆಯ ಗದ್ದೆಗಳು. ಮಟ್ಟುಗುಳ್ಳಕ್ಕೆ 2011ರಲ್ಲಿ ಜಿಐ (ಭೌಗೋಳಿಕ ಗುರುತು) ಮಾನ್ಯತೆ ಸಿಕ್ಕಿದೆ. ಭತ್ತದ ಕೊಯ್ಲಾದ ಮೇಲೆ ಅದೇ ಗದ್ದೆಯಲ್ಲಿ ಗುಳ್ಳ ಬೆಳೆಯುತ್ತಾರೆ. ಹಾಗಾಗಿ ಜನವರಿಗೆ ಹೋದವರಿಗೆ ಹಸಿರು ಗುಂಡು ಬದನೆ ಗಿಡದಲ್ಲೇ ಕಾಣುತ್ತದೆ. ಭಾವ ಎರಡು ಕಿಲೋ ಕೊಂಡು ಕ್ಯಾರಿಯರಿಗೆ ಕಟ್ಟಿಕೊಂಡರು. ಬೆಳಿಗ್ಗೆಯೇ. ಇಡೀ ದಿನ ಹೊತ್ತರು. ನೀವು ವಾಪಸ್ ಬರುವಾಗ ಕೊಳ್ಳಿ.

ಪಡುಕರೆ ರಸ್ತೆಯಲ್ಲಿ ಎರಡು ಎಚ್ಚರಿಕೆ. ಒಂದು, ಮರಳು. ಗಾಳಿಗೆ ಹಾರಿ ಬಂದ ಮರಳು ತಿರುವುಗಳಲ್ಲಿ ತೆಳ್ಳಗೆ ಹರಡಿರುತ್ತದೆ. ನೇರ ಹೋಗುವಾಗ ತೊಂದರೆ ಇಲ್ಲ, ವಾಲಿಸಿ ತಿರುಗಿಸಿದರೆ ಜಾರುತ್ತದೆ. ಎರಡು, ಬಲೆ ಮತ್ತು ಒಣಮೀನು. ರಸ್ತೆಯ ಅಂಚಿನಲ್ಲೇ ಬಲೆ ಹರವಿ ಹೊಲಿಯುತ್ತಿರುತ್ತಾರೆ, ಮೀನು ಒಣಗಿಸಿರುತ್ತಾರೆ. ಅದರ ಮೇಲೆ ಚಕ್ರ ಹತ್ತಿಸಬೇಡಿ. ಅದು ಅವರ ಅಂಗಳ, ನಾವು ಹಾದುಹೋಗುವವರು. ಸುಮ್ನೆ ಇಳಿದು ನಾಲ್ಕು ಹೆಜ್ಜೆ ತಳ್ಳಿದರೆ ಮಾತೂ ಸಿಗುತ್ತದೆ, ಮುಂದಿನ ದಾರಿಯ ಸುದ್ದಿಯೂ ಸಿಗುತ್ತದೆ.

ಆ ಸುದ್ದಿ ಬೇಕಾಗುತ್ತದೆ ಕೂಡ. ಮಳೆಗಾಲದಲ್ಲಿ ಕಡಲ್ಕೊರೆತಕ್ಕೆ ಈ ಕರಾವಳಿಯಲ್ಲಿ ರಸ್ತೆಯ ಅಂಚೇ ಕಿತ್ತು ಹೋಗುವುದುಂಟು. ಕಡಲ ಬದಿಗೆ ಕರಿಕಲ್ಲಿನ ರಾಶಿ ಕಂಡರೆ ಅದು ತಡೆಗೋಡೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಈ ದಾರಿಯ ಆಸೆ ಬಿಡಿ. ನವೆಂಬರ್ ಕೊನೆಯಿಂದ ಜನವರಿ ತನಕ ಒಳ್ಳೆಯದು. ಫೆಬ್ರವರಿ ದಾಟಿದರೆ ಬಿಸಿಲಿಗಿಂತ ಬೆವರೇ ಕಷ್ಟ.

ಪಡುಕರೆಯಿಂದ ಮಲ್ಪೆಗೆ ಹೊಳೆಯ ಮೇಲೆ ಸೇತುವೆ ಇದೆ. ಇಡೀ ದಾರಿಯಲ್ಲಿ ಏರು ಅನ್ನುವುದಿದ್ದರೆ ಅದೊಂದೇ. ಭಾವನ ಸೈಕಲ್ಲಿಗೆ ಗಿಯರ್ ಇಲ್ಲ, ಆದರೂ ಇಳಿಯದೆ ಹತ್ತಿದರು. ಹಾಗಾಗಿ ದುಬಾರಿ ಸೈಕಲ್ ಇಲ್ಲ ಅಂತ ಹಿಂಜರಿಯಬೇಡಿ.

ಮಲ್ಪೆ ಬಂದರಿನ ಪಕ್ಕ ಹಾಯುವ ಒಂದೆರಡು ಕಿಲೋಮೀಟರ್ ಮಾತ್ರ ಕಿರಿಕಿರಿ. ಬೆಳಿಗ್ಗೆ ಮೀನು ಲಾರಿ, ಟೆಂಪೊ, ಐಸ್ ಗಾಡಿ. ಲಾರಿಗಳಿಂದ ಸೋರಿದ ಮೀನಿನ ನೀರು ರಸ್ತೆಯ ಮೇಲೆ ಎಣ್ಣೆಯಂತೆ ಜಾರುತ್ತದೆ. ಬ್ರೇಕ್ ಒತ್ತುವಾಗ ನಿಧಾನ. ಆ ನೀರು ಚೈನಿಗೂ ಒಳ್ಳೆಯದಲ್ಲ. ಇಲ್ಲೇ ತಿಂಡಿ ತಿಂದು ಬಾಟಲಿ ತುಂಬಿಸಿಕೊಳ್ಳಿ, ಮುಂದೆ ಗೂಡಂಗಡಿಗಳೇ. ಅಂದಹಾಗೆ ಅಲ್ಲಿ ಬೊಂಡ ಇದೆಯಾ ಅಂತ ಕೇಳಿದರೆ ಎಳನೀರು ಕೊಡುತ್ತಾರೆ. ಎಣ್ಣೆಯಲ್ಲಿ ಕರಿದದ್ದು ಬೇಕಿದ್ದರೆ ಗೋಳಿಬಜೆ ಕೇಳಿ.

ಮಲ್ಪೆ ಬೀಚಿನ ಗದ್ದಲ ಬಿಟ್ಟು ತೊಟ್ಟಂ ಕಡೆ ತಿರುಗಿದರೆ ಮತ್ತೆ ಶಾಂತಿ. ಹೂಡೆಯ ತನಕ ಸಾಧಾರಣ ಊರಿನ ರಸ್ತೆ, ಹೇಳಿಕೊಳ್ಳುವಂಥದ್ದು ಏನಿಲ್ಲ. ಹೂಡೆಯ ಮುಂದೆ ನೆಲ ಮತ್ತೆ ಕಿರಿದಾಗುತ್ತದೆ, ಬಲಕ್ಕೆ ಈಗ ಸ್ವರ್ಣಾ ನದಿ. ಇಲ್ಲಿ ಫೋನಿನ ನಕ್ಷೆ ನಮಗೆ ಒಂದು ಒಳದಾರಿ ತೋರಿಸಿತು. ಇನ್ನೂರು ಮೀಟರ್ ಹೋಗುವಷ್ಟರಲ್ಲಿ ಡಾಂಬರು ಮುಗಿದು ಮರಳು. ಚಕ್ರ ಅರ್ಧ ಹೂತು, ನಾನು ಮೆಲ್ಲಗೆ ಪಕ್ಕಕ್ಕೆ ಒರಗಿದೆ. ಚೈನಿನ ತುಂಬ ಮರಳು. ಬೇಲಿಯಾಚೆ ಬಟ್ಟೆ ಒಣಹಾಕುತ್ತಿದ್ದ ಹೆಂಗಸು ನಗು ತಡೆದುಕೊಂಡೇ ಹೇಳಿದರು: "ದೊಡ್ಡ ರಸ್ತೆ ಆ ಕಡೆ ಉಂಟಲ್ಲ ಮಾರಾಯ್ರೆ, ಇದು ನಮ್ಮ ಮನೆಯ ದಾರಿ." ಡಾಂಬರು ಅಥವಾ ಕಾಂಕ್ರೀಟು ಬಿಟ್ಟು ಕದಲಬೇಡಿ. ಹಳೆಯ ಹಲ್ಲುಜ್ಜುವ ಬ್ರಷ್ ಒಂದು ಚೀಲದಲ್ಲಿರಲಿ, ಚೈನಿನ ಮರಳು ತೆಗೆಯಲು ಅದಕ್ಕಿಂತ ಒಳ್ಳೆಯದಿಲ್ಲ. ಪಂಕ್ಚರ್ ಸಾಮಾನು, ಪಂಪು, ನಿಮ್ಮ ಅಳತೆಯ ಒಂದು ಟ್ಯೂಬ್ ಇರಲೇಬೇಕು. ದಾರಿಯ ಹಳ್ಳಿಗಳಲ್ಲಿ ತೆಳು ಟೈರಿನ ಟ್ಯೂಬ್ ಸಿಗುತ್ತದೆ ಅಂತ ನಂಬಿಕೊಳ್ಳಬೇಡಿ.

ಕೋಡಿ ಬೆಂಗ್ರೆ ತಲುಪಿದಾಗ ಒಂಬತ್ತೂವರೆ. ಸೀತಾ, ಸ್ವರ್ಣಾ ಎರಡೂ ನದಿ ಇಲ್ಲಿ ಕಡಲು ಸೇರುತ್ತವೆ. ಎದುರು ದಡದಲ್ಲಿ ಹಂಗಾರಕಟ್ಟೆ ಕಾಣುತ್ತದೆ. ಕೂಗಿದರೆ ಕೇಳಿಸೀತು ಅನ್ನುವಷ್ಟು ಹತ್ತಿರ. ಆದರೆ ರಸ್ತೆಯಲ್ಲಿ ಹೋಗಬೇಕೆಂದರೆ ಹೆದ್ದಾರಿಗೆ ಬಂದು, ಕಲ್ಯಾಣಪುರದಲ್ಲಿ ಸ್ವರ್ಣಾ ದಾಟಿ, ಮಾಬುಕಳದಲ್ಲಿ ಸೀತಾ ದಾಟಿ ಸುತ್ತಬೇಕು. ಕರಾವಳಿಯಲ್ಲಿ ದೂರ ಲೆಕ್ಕ ಹಾಕುವುದು ಹೀಗೇ: ಕಿಲೋಮೀಟರ್ ಎಷ್ಟು ಅಂತಲ್ಲ, ನಡುವೆ ಅಳಿವೆ ಎಷ್ಟು ಅಂತ. ದೋಣಿ ಅಥವಾ ಬಾರ್ಜ್ ಇದೆಯಾ, ಸೈಕಲ್ ಹತ್ತಿಸುತ್ತಾರಾ ಅಂತ ಹಿಂದಿನ ದಿನವೇ ವಿಚಾರಿಸಿ. ದಾಟಿದರೆ ಆಚೆ ಕೋಡಿ ಕನ್ಯಾನದಿಂದ ಕೋಟ, ಮಣೂರು ಪಡುಕರೆಗಳ ಮೇಲೆ ಕುಂದಾಪುರದ ಕೋಡಿಯ ಕಡೆಗೆ ಇಂಥದ್ದೇ ದಾರಿ ಕಾದಿದೆ. ನಾವು ದಾಟಲಿಲ್ಲ, ಭಾವನ ಗುಳ್ಳ ಬಾಡುತ್ತಿತ್ತು.

ಭಾನುವಾರ ಮಾತ್ರ ಈ ತುದಿಗೆ ಬರಬೇಡಿ. ಮಧ್ಯಾಹ್ನದ ಮೇಲೆ ಆ ಕಿರಿದಾದ ರಸ್ತೆಯಲ್ಲಿ ಕಾರುಗಳ ಸಾಲು. ವಾರದ ಮಧ್ಯದ ದಿನವಾದರೆ ಇಡೀ ಬೆಂಗ್ರೆ ನಿಮ್ಮದೇ.

ದೂರದಿಂದ ಬರುವವರು ಸೈಕಲ್ಲನ್ನು ರೈಲಿನಲ್ಲಿ ಲಗೇಜಾಗಿ ಬುಕ್ ಮಾಡಬಹುದು. ಉಡುಪಿಯ ನಿಲ್ದಾಣ ಇರುವುದು ಇಂದ್ರಾಳಿಯಲ್ಲಿ. ಬಸ್ಸಿನ ಡಿಕ್ಕಿಯೂ ಆಗುತ್ತದೆ, ಆದರೆ ಅದು ಆ ದಿನದ ಲಗೇಜಿನ ಮೇಲೆ, ಕಂಡಕ್ಟರರ ಮನಸ್ಸಿನ ಮೇಲೆ ನಿಂತ ಮಾತು. ಮುಂದಿನ ಚಕ್ರ ಬಿಚ್ಚಿ ಹಳೆಯ ಬೆಡ್‌ಶೀಟಿನಲ್ಲಿ ಸುತ್ತಿಟ್ಟರೆ ಬೇಡ ಅನ್ನುವವರು ಕಡಿಮೆ. ಊರಿಗೆ ಮುಟ್ಟಿದ ದಿನವೇ ಸೈಕಲ್ಲನ್ನು ಸಿಹಿನೀರಿನಲ್ಲಿ ತೊಳೆದು, ಒರೆಸಿ, ಚೈನಿಗೆ ಎಣ್ಣೆ ಬಿಡಿ. ನಾಳೆ ಮಾಡೋಣ ಅಂದರೆ ನಾಳೆಗೆ ತುಕ್ಕು ಬಂದಿರುತ್ತದೆ.

ವಾಪಸ್ ದಾರಿಯಲ್ಲಿ ಅವಸರ ಮಾಡಬೇಡಿ. ನಡುಮಧ್ಯಾಹ್ನ ಮಲ್ಪೆಯಲ್ಲಿ ಊಟ, ನೆರಳಲ್ಲಿ ಒಂದು ನಿದ್ದೆ. ಮೂರು ಗಂಟೆಗೆ ಪಡುಕರೆ ಸೇತುವೆ ಇಳಿದರೆ ಗಾಳಿ ಬೆನ್ನಿಗಿರುತ್ತದೆ. ಕಾಪುವಿನ ದೀಪಸ್ತಂಭ 1901ರಲ್ಲಿ ಬಂಡೆಯ ಮೇಲೆ ಕಟ್ಟಿದ್ದು, ಸಂಜೆ ಹೊತ್ತು ಜನರನ್ನು ಮೇಲೆ ಬಿಡುತ್ತಾರೆ. ನಾವು ಸೈಕಲ್ಲುಗಳನ್ನು ಕೆಳಗೆ ಒರಗಿಸಿ, ನಡುಗುವ ಕಾಲಲ್ಲೇ ಮೆಟ್ಟಿಲು ಹತ್ತಿದೆವು. ಮೇಲೆ ನಿಂತು ಉತ್ತರಕ್ಕೆ ನೋಡಿದರೆ ಬೆಳಿಗ್ಗೆ ತುಳಿದ ದಾರಿ ತೆಂಗಿನಡಿ ಮುಚ್ಚಿಹೋಗಿತ್ತು. ಭಾವ ಮಾತ್ರ ಕೆಳಗೆ ನೋಡುತ್ತಿದ್ದರು, ಕ್ಯಾರಿಯರಿನ ಗುಳ್ಳದ ಹತ್ತಿರ ಒಂದು ಹಸು ಬಂದು ನಿಂತಿತ್ತು.