ಪ್ರಾರ್ಥಿಸಿದರೂ ವಾಸಿಯಾಗಲಿಲ್ಲ, ನನ್ನ ನಂಬಿಕೆ ಸಾಲದೇ?

“ಬ್ರದರ್, ಇಷ್ಟು ದಿನ ಪ್ರಾರ್ಥಿಸಿದರೂ ವಾಸಿಯಾಗಲಿಲ್ಲ. ನನ್ನ ನಂಬಿಕೆ ಸಾಲದೇ ಹೋಯಿತೇ?”

ಆರಾಧನೆ ಮುಗಿದು ಎಲ್ಲರೂ ಚಪ್ಪಲಿ ಹುಡುಕುವ ಹೊತ್ತಿಗೆ, ಫೋನಿನಲ್ಲಿ, ಎಲ್ಲಕ್ಕಿಂತ ಹೆಚ್ಚಾಗಿ ಆಸ್ಪತ್ರೆಯ ಮಂಚದ ಪಕ್ಕದಲ್ಲಿ ಈ ಪ್ರಶ್ನೆ ನನ್ನ ಮುಂದೆ ಬರುತ್ತದೆ. ದಾವಣಗೆರೆಯಲ್ಲಿ ಕ್ರೈಸ್ತ ಸಭೆಯ ಕೆಲಸ ಮಾಡುವವರಿಗೆ ಆಸ್ಪತ್ರೆಗಳ ದಾರಿ ಬೇಗ ಪರಿಚಯವಾಗುತ್ತದೆ. 1965ರಲ್ಲಿ ಜೆ.ಜೆ.ಎಂ. ವೈದ್ಯಕೀಯ ಕಾಲೇಜು ಆರಂಭವಾದ ಊರು ಇದು. ಜಗಳೂರು, ಹರಪನಹಳ್ಳಿ, ಹೊನ್ನಾಳಿ, ಚನ್ನಗಿರಿಯ ಹಳ್ಳಿಗಳವರು ಕಾಯಿಲೆ ದೊಡ್ಡದಾಯಿತೆಂದರೆ ಚೀಟಿ, ಎಕ್ಸ್‌ರೇಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಇಟ್ಟುಕೊಂಡು ಇಲ್ಲಿಗೆ ಬಸ್ಸು ಹತ್ತುತ್ತಾರೆ. ಅವರಲ್ಲಿ ವಿಶ್ವಾಸಿಗಳೂ ಇರುತ್ತಾರೆ. ಅವರು ತಮ್ಮ ಊರಿನಲ್ಲಿ ಉಪವಾಸ ಪ್ರಾರ್ಥನೆ ಮಾಡಿಸಿಕೊಂಡು, ಎಣ್ಣೆ ಹಚ್ಚಿಸಿಕೊಂಡು, ಸ್ವಸ್ಥತೆಯ ಕೂಟಗಳಲ್ಲಿ ಕೈ ಎತ್ತಿ ನಿಂತು ಬಂದವರು.

ನನ್ನ ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ಇಲ್ಲ. ವಾಸಿಯಾಗದೆ ಇರುವುದು ನಿಮ್ಮ ನಂಬಿಕೆ ಸೋತದ್ದಕ್ಕೆ ಸಾಕ್ಷಿಯಲ್ಲ. ಹಾಗೆಂದು ನಿಮಗೆ ಯಾರಾದರೂ ಹೇಳಿದ್ದರೆ, ಅವರು ದೇವರ ವಾಕ್ಯ ಹೇಳದ ಮಾತನ್ನು ದೇವರ ಹೆಸರಿನಲ್ಲಿ ಹೇಳಿದ್ದಾರೆ.

ಮೂತ್ರಪಿಂಡ ಕೆಟ್ಟು ಡಯಾಲಿಸಿಸ್ ಮಾಡಿಸಿಕೊಳ್ಳುತ್ತಿದ್ದ ಒಬ್ಬ ತಾಯಿ, ಜೊತೆಗಿದ್ದ ಸೊಸೆ ಬಿಸಿನೀರು ತರಲು ಹೋಗುವವರೆಗೆ ಕಾದು, ಆಮೇಲೆ ನನ್ನನ್ನು ಹತ್ತಿರ ಕರೆದರು. ಎಡತೋಳಿನಲ್ಲಿ ಸೂಜಿ ಚುಚ್ಚಿ ಚುಚ್ಚಿ ರಕ್ತನಾಳ ಹಗ್ಗದಂತೆ ಉಬ್ಬಿತ್ತು. ಆ ತೋಳನ್ನು ಸೆರಗಿನಿಂದ ಮುಚ್ಚಿಕೊಂಡು, “ನಾನು ಅರಿಕೆ ಮಾಡದ ಪಾಪ ಏನಾದರೂ ಉಳಿದಿರಬಹುದೇ ಅಯ್ಯನವರೇ? ಮರೆತುಹೋದದ್ದು?” ಎಂದು ಕೇಳಿದರು. ಚಿಕ್ಕಂದಿನಿಂದ ಮಾಡಿದ ತಪ್ಪುಗಳನ್ನೆಲ್ಲ ನೆನಪಿಸಿಕೊಳ್ಳುತ್ತ ರಾತ್ರಿಗಳನ್ನು ಕಳೆದಿದ್ದರು. ಅವರ ಊರಿನ ಕೂಟಕ್ಕೆ ಬಂದಿದ್ದ ಒಬ್ಬ ಪ್ರಸಂಗಿ, ತಡೆ ಇರುವುದು ದೇವರ ಕಡೆಯಿಂದಲ್ಲ, ನಿನ್ನ ಕಡೆಯಿಂದ ಎಂದು ಹೇಳಿ ಹೋಗಿದ್ದರಂತೆ. ಕಾಯಿಲೆಯ ಭಾರವೇ ಹೊರಲಾಗದಷ್ಟಿದ್ದ ಆ ತಾಯಿಯ ತಲೆಯ ಮೇಲೆ ಇನ್ನೊಂದು ಭಾರ ಇಟ್ಟು ಹೋದದ್ದನ್ನು ನೆನೆದರೆ ಈಗಲೂ ನನಗೆ ಸಿಟ್ಟು ಬರುತ್ತದೆ.

ಯೇಸುವಿನ ಜೀವನವನ್ನು ಹೇಳುವ ಸುವಾರ್ತೆಗಳನ್ನು ತೆರೆದು ನೋಡೋಣ. ಬೇತ್ಸಥ ಕೊಳದ ಬಳಿ ಮೂವತ್ತೆಂಟು ವರ್ಷ ರೋಗಿಯಾಗಿ ಬಿದ್ದಿದ್ದವನನ್ನು ಯೇಸು ವಾಸಿಮಾಡಿದನು. ತನ್ನನ್ನು ಎಬ್ಬಿಸಿದವನು ಯಾರೆಂಬುದು ಆ ಮನುಷ್ಯನಿಗೆ ಗೊತ್ತೇ ಇರಲಿಲ್ಲ ಎಂದು ಯೋಹಾನ 5ನೆಯ ಅಧ್ಯಾಯ ಹೇಳುತ್ತದೆ. ಹೆಸರೇ ಗೊತ್ತಿಲ್ಲದವನ ನಂಬಿಕೆಯನ್ನು ಯಾರು ಅಳೆಯುತ್ತಾರೆ? ಕಪೆರ್ನೌಮಿನಲ್ಲಿ ಮಾಳಿಗೆ ಬಿಚ್ಚಿ ಇಳಿಸಿದ ಪಾರ್ಶ್ವವಾಯು ರೋಗಿಯ ಪ್ರಸಂಗದಲ್ಲಿ ಯೇಸು ನೋಡಿದ್ದು ಹೊತ್ತು ತಂದವರ ನಂಬಿಕೆಯನ್ನು. ನಾಯಿನೆಂಬ ಊರಿನ ವಿಧವೆ ಏನನ್ನೂ ಬೇಡಲಿಲ್ಲ. ಅಳುತ್ತ ಚಟ್ಟದ ಹಿಂದೆ ನಡೆಯುತ್ತಿದ್ದಳು, ಅಷ್ಟೇ. ಕರ್ತನು ಕನಿಕರಪಟ್ಟು ಮಗನನ್ನು ಎಬ್ಬಿಸಿ ಕೊಟ್ಟನು.

ಇನ್ನೊಂದು ಪ್ರಸಂಗವನ್ನು ನಮ್ಮ ಪ್ರಸಂಗಿಗಳು ನಿಧಾನವಾಗಿ ಓದಬೇಕೆಂದು ನನ್ನ ಬೇಡಿಕೆ. ಮೂರ್ಛೆರೋಗದ ಹುಡುಗನನ್ನು ತಂದೆ ಶಿಷ್ಯರ ಬಳಿ ತರುತ್ತಾನೆ. ಅವರ ಕೈಲಿ ಆಗುವುದಿಲ್ಲ. ಆಮೇಲೆ ಶಿಷ್ಯರು ಕಾರಣ ಕೇಳಿದಾಗ ಮತ್ತಾಯ 17ರಲ್ಲಿ ಯೇಸು, ನಿಮ್ಮ ನಂಬಿಕೆ ಕಡಿಮೆಯಾದದ್ದರಿಂದಲೇ ಎಂದನು. ಆ ಮಾತು ಬಿದ್ದದ್ದು ಯಾರ ಮೇಲೆ? ಪ್ರಾರ್ಥಿಸಲು ನಿಂತವರ ಮೇಲೆ. ರೋಗದ ಹುಡುಗನ ಮೇಲಲ್ಲ. ನಂಬುತ್ತೇನೆ, ಆದರೂ ನನ್ನ ಅಪನಂಬಿಕೆಯಲ್ಲಿ ಸಹಾಯ ಮಾಡು ಎಂದು ಕೂಗಿಕೊಂಡ ತಂದೆಯ ಪ್ರಾರ್ಥನೆಗೆ ಉತ್ತರ ಸಿಕ್ಕಿತು. ಬೇಡಿ ಬಂದ ರೋಗಿಯನ್ನು ನಿನ್ನ ನಂಬಿಕೆ ಸಾಲದು ಎಂದು ಯೇಸು ಹಿಂದಕ್ಕೆ ಕಳುಹಿಸಿದ ಒಂದೇ ಒಂದು ಘಟನೆ ನಾಲ್ಕು ಸುವಾರ್ತೆಗಳಲ್ಲಿ ಇಲ್ಲ. ವೇದಿಕೆಯ ಮೇಲೆ ನಿಂತವನು ತನ್ನ ಮೇಲೆ ಬರಬೇಕಾದ ಮಾತನ್ನು ಮಂಚದ ಮೇಲೆ ಮಲಗಿದವಳ ಕಡೆಗೆ ತಿರುಗಿಸುವುದು ಅನ್ಯಾಯ.

ಯೇಸು ಬೆಳೆದ ಊರಾದ ನಜರೇತಿನ ಮಾತು ಏನು ಎಂದು ಕೇಳುವವರಿದ್ದಾರೆ. ಅಲ್ಲಿ ಅಪನಂಬಿಕೆಯಿಂದಾಗಿ ಹೆಚ್ಚು ಮಹತ್ಕಾರ್ಯಗಳು ನಡೆಯಲಿಲ್ಲ, ನಿಜ. ಆದರೆ ಅಲ್ಲಿನವರು ಇವನು ನಮ್ಮ ಊರಿನ ಬಡಗಿಯಲ್ಲವೇ ಎಂದು ಯೇಸುವನ್ನೇ ತಾತ್ಸಾರ ಮಾಡಿದವರು. ಕಣ್ಣೀರು ಹಾಕಿಕೊಂಡು ಅವನ ಹೆಸರನ್ನೇ ಕರೆಯುತ್ತಿರುವ ರೋಗಿಯನ್ನು ಅವರ ಸಾಲಿಗೆ ಸೇರಿಸುವುದು ಹೇಗೆ?

ಯೇಸುವಿನ ನಂತರ ಸುವಾರ್ತೆ ಸಾರಿದ ಅಪೊಸ್ತಲರ ಕಾಲಕ್ಕೆ ಬರೋಣ. ಎಫೆಸ ಪಟ್ಟಣದಲ್ಲಿ ಅಪೊಸ್ತಲ ಪೌಲನ ಮೈಮೇಲಿನ ಕೈವಸ್ತ್ರಗಳನ್ನು ತಂದು ಹಾಕಿದರೆ ರೋಗಗಳು ಬಿಟ್ಟುಹೋಗುತ್ತಿದ್ದವು ಎಂದು ಅಪೊಸ್ತಲರ ಕೃತ್ಯಗಳು 19ರಲ್ಲಿ ಇದೆ. ಅದೇ ಎಫೆಸದವನು ತ್ರೊಫಿಮ. ಪೌಲನ ಜೊತೆ ಊರೂರು ತಿರುಗಿದವನು. ಪೌಲ ತಿಮೊಥೆಯನಿಗೆ ಬರೆದ ಎರಡನೆಯ ಪತ್ರದ ಕೊನೆಯಲ್ಲಿ ಒಂದು ಸಣ್ಣ ಮಾತು ಬರುತ್ತದೆ: ತ್ರೊಫಿಮನು ಅಸ್ವಸ್ಥನಾಗಿದ್ದುದರಿಂದ ಅವನನ್ನು ಮಿಲೇತದಲ್ಲಿ ಬಿಟ್ಟು ಬಂದೆ. ಅಷ್ಟೇ. ಅವನ ನಂಬಿಕೆ ಕಡಿಮೆಯಾಯಿತು ಎಂದಿಲ್ಲ, ಪಾಪ ಮಾಡಿದ್ದನು ಎಂದಿಲ್ಲ. ಆಸ್ಪತ್ರೆಯಲ್ಲಿ ನಾನು ಹೆಚ್ಚಾಗಿ ಓದಿ ಹೇಳುವುದು ಈ ವಚನವನ್ನೇ. ಬೈಬಲಿನಲ್ಲಿ ಇಂಥ ವಚನ ಇದೆಯೇ ಎಂದು ಜನ ಬೆರಗಾಗುತ್ತಾರೆ.

ಪೌಲನೂ ತನ್ನ ಶರೀರದಲ್ಲಿನ ಮುಳ್ಳು ಹೋಗಬೇಕೆಂದು ಮೂರು ಸಾರಿ ಬೇಡಿಕೊಂಡನು. ನನ್ನ ಕೃಪೆಯೇ ನಿನಗೆ ಸಾಕು ಎಂಬ ಉತ್ತರ ಬಂತು; ಮುಳ್ಳು ಹೋಯಿತೆಂದು ಬರೆದಿಲ್ಲ. ಇನ್ನೂ ಹಿಂದಕ್ಕೆ ಹೋದರೆ, ಸತ್ತ ಹುಡುಗನನ್ನು ಎಬ್ಬಿಸಿದ ಪ್ರವಾದಿ ಎಲೀಷನು ಕಾಯಿಲೆ ಬಿದ್ದೇ ಸತ್ತನು. ಆಮೇಲೆ ಅವನ ಎಲುಬು ತಗಲಿ ಮತ್ತೊಬ್ಬ ಸತ್ತವನು ಎದ್ದನೆಂದು ಎರಡನೆಯ ಅರಸುಗಳ ಪುಸ್ತಕ ಹೇಳುತ್ತದೆ. ಇಂಥವನಿಗೂ ಕಾಯಿಲೆ ಬಿಡಲಿಲ್ಲ.

ಕ್ರಿಸ್ತನ ಬಾಧೆಯನ್ನು ಕುರಿತದ್ದೆಂದು ನಾವು ಓದುವ ಯೆಶಾಯ 53 ನನಗೆ ಪ್ರಿಯವಾದ ಅಧ್ಯಾಯ. ಆತನ ಬಾಸುಂಡೆಗಳಿಂದ ನಮಗೆ ಗುಣವಾಯಿತು ಎಂಬುದನ್ನು ಪೂರ್ಣವಾಗಿ ನಂಬುತ್ತೇನೆ. ಪೇತ್ರನು ಆ ಮಾತನ್ನು ಪಾಪದಿಂದ ಬಿಡುಗಡೆಗೆ ಅನ್ವಯಿಸುತ್ತಾನೆ. ಮತ್ತಾಯನು ಅದೇ ಅಧ್ಯಾಯದ ಮಾತನ್ನು ಯೇಸು ರೋಗಿಗಳನ್ನು ಗುಣಪಡಿಸಿದ್ದಕ್ಕೆ ಎತ್ತಿ ಹೇಳುತ್ತಾನೆ. ಎರಡೂ ಸತ್ಯ. ಶಿಲುಬೆ ಗಳಿಸಿಕೊಟ್ಟದ್ದರಲ್ಲಿ ನಮ್ಮ ಶರೀರದ ಬಿಡುಗಡೆಯೂ ಸೇರಿದೆ. ಆದರೆ ಆ ಬಿಡುಗಡೆಗಾಗಿ ನಾವು ನರಳುತ್ತ ಕಾಯುತ್ತಿದ್ದೇವೆ ಎಂದು ಪೌಲನೇ ರೋಮಾಪುರದವರಿಗೆ ಬರೆದನು. ಈಗ ಸಿಗುವ ಗುಣವೂ ನಿಜವಾದದ್ದೇ, ಆದರೂ ಯೇಸು ಕರೆದಾಗ ಸಮಾಧಿಯಿಂದ ಎದ್ದುಬಂದ ಲಾಜರನೂ ಮತ್ತೊಂದು ದಿನ ಸತ್ತನು. ನಮ್ಮ ನಿರೀಕ್ಷೆ ನೆಟ್ಟಿರುವುದು ಪುನರುತ್ಥಾನದಲ್ಲಿ.

ಮಾತ್ರೆಗಳ ವಿಷಯವನ್ನು ಸ್ವಲ್ಪ ಗಟ್ಟಿಯಾಗಿಯೇ ಹೇಳಬೇಕು. ನಂಬಿಕೆಯ ಗುರುತಾಗಿ ಔಷಧ ಬಿಡುವಂತೆ ಯಾರು ಹೇಳಿದರೂ ಕೇಳಬೇಡಿ. ಟೈಪ್ 1 ಮಧುಮೇಹದ ಮಗುವಿಗೆ ಇನ್ಸುಲಿನ್ ನಿಲ್ಲಿಸಿದರೆ ಕೆಲವೇ ದಿನಗಳಲ್ಲಿ ಪ್ರಾಣಕ್ಕೆ ಅಪಾಯ. ಕ್ಷಯರೋಗಕ್ಕೆ ಸಾಮಾನ್ಯವಾಗಿ ಕೊಡುವ ಆರು ತಿಂಗಳ ಮಾತ್ರೆಗಳನ್ನು, ಕೆಮ್ಮು ನಿಂತಿತು, ದೇವರು ಮುಟ್ಟಿದನು ಎಂದು ಎರಡನೆಯ ತಿಂಗಳಿಗೇ ಬಿಟ್ಟರೆ ರೋಗ ಮರಳಿ ಬರುವ ಅಪಾಯ ಹೆಚ್ಚು, ಔಷಧಕ್ಕೆ ಬಗ್ಗದ ರೋಗಾಣುವೂ ಹುಟ್ಟಿಕೊಳ್ಳಬಹುದು. ಅದು ಮನೆಯ ಮಕ್ಕಳಿಗೂ ಅಂಟುತ್ತದೆ. ಹಿಜ್ಕೀಯ ಅರಸನಿಗೆ ಹದಿನೈದು ವರ್ಷ ಆಯುಷ್ಯದ ವಾಗ್ದಾನ ತಂದ ಯೆಶಾಯನೇ ಅವನ ಹುಣ್ಣಿಗೆ ಅಂಜೂರದ ಉಂಡೆ ಕಟ್ಟಿಸಿದನು. ವಾಗ್ದಾನವೂ ಬಂತು, ಔಷಧವೂ ಬಂತು, ಒಬ್ಬನೇ ಪ್ರವಾದಿಯ ಬಾಯಿಂದ. ಪೌಲನ ಜೊತೆಗಾರ ಲೂಕನು ವೈದ್ಯ. ಅಗತ್ಯವಾದ ಔಷಧವನ್ನು ನಿಲ್ಲಿಸಿ ದೇವರನ್ನು ಪರೀಕ್ಷಿಸುವುದಕ್ಕೆ ನಾನು ನಂಬಿಕೆ ಎಂದು ಹೆಸರಿಡುವುದಿಲ್ಲ.

ನಮ್ಮ ಸಭೆಗಳಲ್ಲಿ ಸಾಕ್ಷಿ ಹೇಳುವ ಹೊತ್ತಿನ ಬಗ್ಗೆಯೂ ಒಂದು ಮಾತು. ಮೈಕು ಯಾರ ಕೈಗೆ ಹೋಗುತ್ತದೆ? ಗುಣವಾದವರ ಕೈಗೆ. ಅದು ಸಂತೋಷವೇ. ಆದರೆ ಹಿಂದಿನ ಸಾಲಿನಲ್ಲಿ ಗೋಡೆಗೆ ಒರಗಿ ಕುಳಿತ, ಕಾಯಿಲೆ ಬಿಡದ ಮನುಷ್ಯನು ಪ್ರತಿ ವಾರ ತಲೆ ತಗ್ಗಿಸಿಕೊಂಡು ಮನೆಗೆ ಹೋಗುತ್ತಾನೆ. ಅವನಿಗೂ ಸಾಕ್ಷಿ ಇದೆ: ನೋವಿನಲ್ಲೂ ಬಿಟ್ಟುಕೊಡದ ದೇವರ ಸಾಕ್ಷಿ. 88ನೆಯ ಕೀರ್ತನೆ ಕತ್ತಲೆಯಲ್ಲೇ ಮುಗಿಯುತ್ತದೆ, ಕೊನೆಗೂ ಬೆಳಕಿನ ಮಾತು ಬರುವುದಿಲ್ಲ. ಅದನ್ನೂ ದೇವರು ತನ್ನ ಜನರ ಹಾಡಿನ ಪುಸ್ತಕದಲ್ಲಿ ಉಳಿಸಿದ್ದಾನೆ. ಅಂಥ ಕೀರ್ತನೆಯನ್ನು ಭಾನುವಾರ ಗಟ್ಟಿಯಾಗಿ ಓದಲು ನಮಗೆ ಅಂಜಿಕೆ ಏಕೆ?

ಇಷ್ಟೆಲ್ಲ ಕೇಳಿದ ಮೇಲೆ ಕೆಲವರು, ಹಾಗಾದರೆ ಗುಣವಾಗಲಿ ಎಂದು ಬೇಡುವುದೇ ಬೇಡವೇ ಎನ್ನುತ್ತಾರೆ. ಬೇಡಲೇಬೇಕು! ನಾನು ಬೇಡುತ್ತೇನೆ, ಧೈರ್ಯವಾಗಿ, ಗುಣ ಮಾಡು ಎಂದೇ. ನಿನ್ನ ಚಿತ್ತವಾದರೆ ಎಂಬ ಮಾತನ್ನು ಸೇರಿಸುವುದು ನಂಬಿಕೆ ಇಲ್ಲದವರ ಲಕ್ಷಣ ಎನ್ನುವವರಿಗೆ, ಯೇಸುವೇ ನನ್ನ ಚಿತ್ತವಲ್ಲ, ನಿನ್ನ ಚಿತ್ತವೇ ಆಗಲಿ ಎಂದು ಪ್ರಾರ್ಥಿಸಿದ ಗೆತ್ಸೆಮನೆ ತೋಟವನ್ನು ತೋರಿಸುತ್ತೇನೆ. ವೈದ್ಯರು ಕೈಚೆಲ್ಲಿದ ಮೇಲೂ ಎದ್ದು ನಡೆದವರನ್ನು ಕಂಡಿದ್ದೇನೆ, ಅದಕ್ಕಾಗಿ ದೇವರಿಗೆ ಸ್ತೋತ್ರ ಸಲ್ಲಿಸಿದ್ದೇನೆ. ಬೇಡಿಕೊಂಡು ಬೇಡಿಕೊಂಡು ಕೊನೆಗೆ ಸಮಾಧಿಯ ಬಳಿ ನಿಂತದ್ದೂ ಇದೆ.

ಯಾಕೋಬನ ಪತ್ರದ 5ನೆಯ ಅಧ್ಯಾಯದಂತೆ ರೋಗಿ ಮಾಡಬೇಕಾದದ್ದು ಒಂದೇ: ಸಭೆಯ ಹಿರಿಯರನ್ನು ಕರೆಯಿಸುವುದು. ನಂಬಿಕೆಯಿಂದ ಪ್ರಾರ್ಥಿಸುವ ಹೊಣೆ ಬಂದವರದು. ಹಾಗಾಗಿ ನಮ್ಮ ಹಿರಿಯರು ಒಂದು ಪದ್ಧತಿ ಇಟ್ಟುಕೊಂಡಿದ್ದೇವೆ. ಒಮ್ಮೆ ಎಣ್ಣೆ ಹಚ್ಚಿ ಪ್ರಾರ್ಥಿಸಿ ಬಂದರೆ ಮುಗಿಯಲಿಲ್ಲ. ಮುಂದಿನ ವಾರ ಮತ್ತೆ ಹೋಗುತ್ತೇವೆ, ಗುಣವಾಗಿದ್ದರೂ ಆಗದಿದ್ದರೂ. ರೋಗಿಯ ಜೊತೆಗಿದ್ದವರಿಗೆ ರೊಟ್ಟಿ ಪಲ್ಯ ಕಟ್ಟಿಕೊಂಡು ಹೋಗುತ್ತೇವೆ, ರಾತ್ರಿ ಕಾಯಲು ಜನ ಬೇಕಿದ್ದರೆ ಒಬ್ಬರು ಉಳಿಯುತ್ತೇವೆ. ನಿಮ್ಮ ಊರಿನಿಂದ ಯಾರಾದರೂ ದಾವಣಗೆರೆಗೆ ಚಿಕಿತ್ಸೆಗೆ ಬಂದಿದ್ದರೆ ಹೇಳಿ ಕಳುಹಿಸಿ. ಯಾವ ಸಭೆಯವರು ಎಂದು ಕೇಳುವುದಿಲ್ಲ, ಎಷ್ಟು ನಂಬಿಕೆ ಇದೆ ಎಂದೂ ಕೇಳುವುದಿಲ್ಲ. ವಾರ್ಡಿನ ಹೆಸರು, ಮಂಚದ ಸಂಖ್ಯೆ ಇದ್ದರೆ ಸಾಕು.