ಲೆಕ್ಕಕ್ಕುಂಟು, ಆಟಕ್ಕಿಲ್ಲ

ಅಮೆರಿಕದ ಪ್ರತಿನಿಧಿ ಸಭೆಗೆ ಕ್ಯಾಲಿಫೋರ್ನಿಯಾ ಕಳುಹಿಸುವ 52 ಸದಸ್ಯರಲ್ಲಿ ಒಬ್ಬರು ನಮ್ಮ 17ನೇ ಕಾಂಗ್ರೆಸ್, ಎಂದರೆ ಅಲ್ಲಿನ ಸಂಸತ್ತಿನ, ಕ್ಷೇತ್ರದವರು. ಕ್ಯುಪರ್ಟಿನೊ, ಸನ್ನಿವೇಲ್, ಸಾಂಟಾ ಕ್ಲಾರಾ, ಮಿಲ್ಪಿಟಸ್, ಸ್ಯಾನ್ ಹೊಸೆಯ ಉತ್ತರ ಭಾಗ, ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿಯ ಆಚೆ ದಂಡೆಯ ನ್ಯೂಆರ್ಕ್ ಮತ್ತು ಫ್ರೀಮಾಂಟಿನ ಒಂದು ಭಾಗ ಇದರೊಳಗೆ ಬರುತ್ತವೆ. ಸಾಫ್ಟ್‌ವೇರ್ ಕೆಲಸಕ್ಕೆಂದು ಬಂದ ಕನ್ನಡಿಗರು ಬಾಡಿಗೆ ಮನೆ ಹಿಡಿಯುವುದು ಬಹುಮಟ್ಟಿಗೆ ಇವೇ ಊರುಗಳಲ್ಲಿ. ನಾನೂ ಹಾಗೆಯೇ ಎಚ್-1ಬಿ ವೀಸಾದ ಮೇಲೆ ಬಂದು ಸನ್ನಿವೇಲಿನಲ್ಲಿ ನೆಲೆಸಿದವಳು. 2024ರ ಅಕ್ಟೋಬರ್ ತಿಂಗಳ ಒಂದು ಭಾನುವಾರ, ಅದೇ ವರ್ಷ ಪೌರತ್ವ ಪಡೆದಿದ್ದ ನಾನು ಅಂಚೆಯಲ್ಲಿ ಬಂದ ಮತಪತ್ರವನ್ನು ಮೊದಲ ಬಾರಿಗೆ ತುಂಬಲು ಕುಳಿತಾಗ, ತುಮಕೂರಿನಿಂದ ಬಂದಿದ್ದ ಅಪ್ಪ ಪಕ್ಕದ ಕುರ್ಚಿಯಲ್ಲಿದ್ದರು.

ಅಪ್ಪ ಪ್ರೌಢಶಾಲೆಯ ನಿವೃತ್ತ ಉಪಾಧ್ಯಾಯರು. ಮತಪೆಟ್ಟಿಗೆಯ ಕಾಲದಿಂದ ಮತಯಂತ್ರದ ಕಾಲದವರೆಗೆ ಚುನಾವಣಾ ಡ್ಯೂಟಿ ಮಾಡಿದವರು. ಮಸ್ಟರಿಂಗ್ ದಿನ ಸಾಮಗ್ರಿ ಎಣಿಸಿಕೊಂಡು, ಲಾರಿಯಲ್ಲೋ ಬಸ್ಸಿನಲ್ಲೋ ಹಳ್ಳಿ ಸೇರಿ, ಶಾಲೆಯ ಬೆಂಚಿನ ಮೇಲೆ ಮಲಗಿ, ಬೆಳಿಗ್ಗೆ ಏಜೆಂಟರ ಎದುರು ಪೆಟ್ಟಿಗೆ ತೆರೆದು ತೋರಿಸಿದವರು. ಮನೆಯ ಊಟದ ಮೇಜಿನ ಮೇಲೆ ಮತ ಹಾಕುವುದು ಅವರಿಗೆ ಸರಿ ಕಾಣಲಿಲ್ಲ. ಲಕೋಟೆಯ ಮೇಲಿನ ಸಹಿಯನ್ನು ನೋಂದಣಿಯ ಸಹಿಯೊಂದಿಗೆ ಹೋಲಿಸುತ್ತಾರೆ, ತಾಳೆಯಾಗದಿದ್ದರೆ ಮತದಾರನಿಗೆ ತಿಳಿಸಿ ಸರಿಪಡಿಸಿಕೊಳ್ಳಲು ಅವಕಾಶ ಕೊಡುತ್ತಾರೆ, ಬೇಕಾದರೆ ಕೇಂದ್ರಕ್ಕೆ ಹೋಗಿಯೂ ಮತ ಹಾಕಬಹುದು ಎಂದೆಲ್ಲ ವಿವರಿಸಿದ ಮೇಲೆ, "ಅದಿರಲಿ, ನಿಮ್ಮ ಕ್ಷೇತ್ರದಲ್ಲಿ ಜನ ಎಷ್ಟಮ್ಮ?" ಎಂದು ಕೇಳಿದರು. ಸುಮಾರು 7 ಲಕ್ಷ 60 ಸಾವಿರ, ಮತ್ತು ಕ್ಯಾಲಿಫೋರ್ನಿಯಾದ ಪ್ರತಿ ಕ್ಷೇತ್ರದಲ್ಲೂ ಹೆಚ್ಚುಕಡಿಮೆ ಅಷ್ಟೇ ಎಂದಾಗ ಅವರು ಬೆರಗಾದರು. ನಮ್ಮಲ್ಲಿ ಯಾವ ರಾಜ್ಯಕ್ಕೆ ಎಷ್ಟು ಲೋಕಸಭಾ ಸ್ಥಾನ ಎಂಬುದು 1971ರ ಜನಗಣತಿಗೇ ನಿಂತಿದೆ, ಕರ್ನಾಟಕದ 28 ಸ್ಥಾನಗಳೂ ಅದೇ ಲೆಕ್ಕದವು ಎಂಬುದು ಅವರಿಗೆ ಗೊತ್ತು. ಇಲ್ಲಿಯೂ ಸಭೆಯ ಒಟ್ಟು ಸ್ಥಾನಗಳು 435ರ ಆಚೆ ಹೋಗುವುದಿಲ್ಲ, ಆದರೆ ಹತ್ತು ವರ್ಷಕ್ಕೊಮ್ಮೆ ಜನಗಣತಿಯಾದೊಡನೆ ರಾಜ್ಯಗಳ ಪಾಲು ಬದಲಾಗುತ್ತದೆ. 2020ರ ಗಣತಿಯ ನಂತರ ಕ್ಯಾಲಿಫೋರ್ನಿಯಾ ತನ್ನ ಇತಿಹಾಸದಲ್ಲಿ ಮೊದಲ ಬಾರಿಗೆ ಒಂದು ಸ್ಥಾನ ಕಳೆದುಕೊಂಡಿತು. 53 ಇದ್ದುದು 52 ಆಯಿತು.

ಅಪ್ಪನ ಪ್ರಶ್ನೆಗೆ ಉತ್ತರಿಸುತ್ತ ನಾನು ಬಹಳ ದಿನಗಳಿಂದ ಮನಸ್ಸಿನಲ್ಲಿಟ್ಟುಕೊಂಡಿದ್ದ ಮಾತನ್ನು ಹೇಳಿದೆ. ಈ 7 ಲಕ್ಷ 60 ಸಾವಿರ ಎನ್ನುವುದು ಮತದಾರರ ಸಂಖ್ಯೆಯಲ್ಲ, ಪೌರರ ಸಂಖ್ಯೆಯೂ ಅಲ್ಲ. ಅಮೆರಿಕ ಸಂವಿಧಾನದ 14ನೇ ತಿದ್ದುಪಡಿ ಎಣಿಸಲು ಹೇಳುವುದು ವ್ಯಕ್ತಿಗಳನ್ನು. ಮಕ್ಕಳು, ಕಾಯಂ ವಾಸದ ಅನುಮತಿಯಾದ ಗ್ರೀನ್ ಕಾರ್ಡಿನವರು, ವೀಸಾದ ಮೇಲಿರುವವರು, ಎಲ್ಲರೂ ಆ ಲೆಕ್ಕದಲ್ಲಿ ಸೇರುತ್ತಾರೆ. 2010ರಲ್ಲಿ ಗಣತಿಯ ನಮೂನೆ ತುಂಬಿ ಕಳುಹಿಸಿದಾಗ ನಾನು ವೀಸಾದವಳು, 2020ರಲ್ಲಿ ಗ್ರೀನ್ ಕಾರ್ಡಿನವಳು. ಎರಡು ಬಾರಿಯೂ ಈ ಕ್ಷೇತ್ರದ ಗೆರೆ ಎಳೆಯುವವರ ಲೆಕ್ಕದಲ್ಲಿ ನಾನಿದ್ದೆ, ಎರಡು ಬಾರಿಯೂ ನನಗೆ ಮತವಿರಲಿಲ್ಲ. ಅಪ್ಪ ಸ್ವಲ್ಪ ಹೊತ್ತು ಯೋಚಿಸಿ, "ಆಟಕ್ಕುಂಟು ಲೆಕ್ಕಕ್ಕಿಲ್ಲ ಅಂತೀವಲ್ಲಮ್ಮ, ನಿಂದು ಅದರ ತಿರುವುಮುರುವು" ಎಂದರು. ನಮ್ಮ ಕ್ಷೇತ್ರದ ಚರಿತ್ರೆಯನ್ನು ಹೇಳುವವರು ಈ ಮಾತಿನಿಂದಲೇ ಆರಂಭಿಸಬೇಕು ಎಂದು ನನಗೆ ಅನ್ನಿಸುತ್ತದೆ.

17 ಎಂಬ ಸಂಖ್ಯೆಯನ್ನು ಹಿಡಿದುಕೊಂಡು ಹಿಂದಕ್ಕೆ ಹೋದರೆ ದಾರಿ ತಪ್ಪುತ್ತದೆ. 2012ರವರೆಗೆ ಆ ಸಂಖ್ಯೆ ಇದ್ದುದು ಮಾಂಟೆರೆ ಮತ್ತು ಸಲೀನಾಸ್ ಸುತ್ತಲಿನ ಕರಾವಳಿ ಸೀಮೆಗೆ. ಲಿಯಾನ್ ಪನೆಟ್ಟಾ 1993ರಲ್ಲಿ ಕ್ಲಿಂಟನ್ ಸರ್ಕಾರ ಸೇರಲು ಬಿಟ್ಟುಕೊಟ್ಟ ಸ್ಥಾನ ಅದು, ಅನಂತರ ಉಪಚುನಾವಣೆಯಲ್ಲಿ ಗೆದ್ದ ಸ್ಯಾಮ್ ಫಾರ್ ಅದನ್ನು ದೀರ್ಘಕಾಲ ಪ್ರತಿನಿಧಿಸಿದರು. ನಮ್ಮ ಊರುಗಳ ಚರಿತ್ರೆಯನ್ನು ಹುಡುಕಬೇಕಾದದ್ದು ಬೇರೆ ಸಂಖ್ಯೆಗಳಲ್ಲಿ. ಈ ಸಿಲಿಕಾನ್ ಕಣಿವೆಯಿಂದ 1974ರಲ್ಲಿ ಆಯ್ಕೆಯಾದ ನಾರ್ಮನ್ ಮಿನೆಟಾ ಅವರನ್ನು ಎರಡನೇ ಮಹಾಯುದ್ಧದ ನಡುವೆ 1942ರಲ್ಲಿ, ಹತ್ತು ವರ್ಷದ ಬಾಲಕನಾಗಿದ್ದಾಗ, ಜಪಾನಿ ಮೂಲದವರೆಂಬ ಒಂದೇ ಕಾರಣಕ್ಕೆ ಕುಟುಂಬದೊಂದಿಗೆ ವಯೋಮಿಂಗ್ ರಾಜ್ಯದ ಹಾರ್ಟ್ ಮೌಂಟನ್ ಶಿಬಿರದಲ್ಲಿ ಕೂಡಿಹಾಕಲಾಗಿತ್ತು. ಅವರ ತಂದೆಗೆ ಆಗ ಪೌರತ್ವ ಪಡೆಯುವ ಹಕ್ಕೇ ಇರಲಿಲ್ಲ. ಏಷ್ಯಾದಿಂದ ವಲಸೆ ಬಂದ ಜಪಾನಿಯರಿಗೆ ಆ ಬಾಗಿಲು ತೆರೆದದ್ದು 1952ರಲ್ಲಿ. ಅದೇ ಮಿನೆಟಾ ಕಾಂಗ್ರೆಸ್ಸಿನಲ್ಲಿ ಮುಂದಾಳಾಗಿ ನಿಂತು ದುಡಿದ ಫಲವಾಗಿ 1988ರ ಕಾಯ್ದೆ ಬಂದು, ಬದುಕಿದ್ದ ಪ್ರತಿಯೊಬ್ಬ ಶಿಬಿರವಾಸಿಗೂ ದೇಶ ಕ್ಷಮೆ ಕೇಳಿ 20 ಸಾವಿರ ಡಾಲರ್ ಪರಿಹಾರ ಕೊಟ್ಟಿತು. ಅನಂತರ 2000ದಲ್ಲಿ ಇದೇ ಸೀಮೆಯ 15ನೇ ಕ್ಷೇತ್ರದಿಂದ ಗೆದ್ದ ಮೈಕ್ ಹೊಂಡಾ ಇನ್ನೂ ಕೂಸಾಗಿದ್ದಾಗ ಕೊಲೊರಾಡೊದ ಶಿಬಿರ ಕಂಡವರು. ಅಲ್ಲಿಂದ ಮರಳಿದ ಅವರ ಕುಟುಂಬ ಸ್ಯಾನ್ ಹೊಸೆಯಲ್ಲಿ ಸ್ಟ್ರಾಬೆರಿ ತೋಟವನ್ನು ಪಾಲಿಗೆ ಮಾಡಿತ್ತು. ಇದನ್ನೆಲ್ಲ ಹೇಳುವಾಗ ಅಪ್ಪ ಮಧ್ಯೆ ಒಂದು ಮಾತನ್ನೂ ಆಡಲಿಲ್ಲ. ಕಂಪ್ಯೂಟರ್ ಕಂಪನಿಗಳಿಂದಷ್ಟೇ ಈ ಕಣಿವೆಯನ್ನು ಬಲ್ಲ ನಮ್ಮವರಿಗೆ, ನಮಗಿಂತ ಮೊದಲು ಬಂದ ಏಷ್ಯನ್ನರು ಇಲ್ಲಿ ಏನನ್ನು ಅನುಭವಿಸಿದರು ಎಂಬುದು ತಿಳಿದಿರಬೇಕು ಎಂದು ನಾನು ಗಟ್ಟಿಯಾಗಿ ನಂಬುತ್ತೇನೆ.

ಇಂದಿನ 17ನೇ ಕ್ಷೇತ್ರ ರೂಪುಗೊಂಡದ್ದು 2011ರಲ್ಲಿ. ಅಲ್ಲಿಯವರೆಗೆ ಗೆರೆ ಎಳೆಯುವ ಅಧಿಕಾರ ಇದ್ದುದು ಶಾಸಕರಿಗೆ. ಮತದಾರರು 2008 ಮತ್ತು 2010ರ ಜನಮತಗಳಲ್ಲಿ ಆ ಅಧಿಕಾರವನ್ನು ಅವರ ಕೈಯಿಂದ ತೆಗೆದು 14 ಮಂದಿ ಸಾಮಾನ್ಯ ಪೌರರ ಆಯೋಗಕ್ಕೆ ಕೊಟ್ಟರು: ಡೆಮಾಕ್ರಟಿಕ್ ಪಕ್ಷದ ಐವರು, ರಿಪಬ್ಲಿಕನ್ ಪಕ್ಷದ ಐವರು, ಎರಡಕ್ಕೂ ಸೇರದ ನಾಲ್ವರು. ಆಗಿನ ಇನ್ನೊಬ್ಬ ಪ್ರತಿನಿಧಿ ಪೀಟ್ ಸ್ಟಾರ್ಕ್ ಅವರ ಕ್ಷೇತ್ರದಲ್ಲಿದ್ದ ಫ್ರೀಮಾಂಟನ್ನು ಈ ಆಯೋಗ ಜಿಲ್ಲೆಯ ಗಡಿ ದಾಟಿ ಸನ್ನಿವೇಲ್, ಕ್ಯುಪರ್ಟಿನೊಗಳೊಂದಿಗೆ ಸೇರಿಸಿತು. ಹವಾಯಿಯನ್ನು ಬಿಟ್ಟರೆ ಏಷ್ಯನ್ ಮೂಲದವರೇ ಬಹುಸಂಖ್ಯಾತರಾದ ದೇಶದ ಮೊದಲ ಕ್ಷೇತ್ರ ಹುಟ್ಟಿದ್ದು ಹೀಗೆ.

ಅದೇ ಹೊತ್ತಿಗೆ ಚುನಾವಣೆಯ ಪದ್ಧತಿಯೂ ಬದಲಾಗಿತ್ತು. ಪ್ರಾಥಮಿಕ ಸುತ್ತಿನಲ್ಲಿ ಮೊದಲೆರಡು ಸ್ಥಾನ ಪಡೆದವರು, ಒಂದೇ ಪಕ್ಷದವರಾದರೂ ಸರಿ, ನವೆಂಬರಿನಲ್ಲಿ ಎದುರುಬದುರಾಗುತ್ತಾರೆ. 2014ರಲ್ಲಿ ಹೊಂಡಾ ಅವರಿಗೆ ಎದುರಾಗಿ ನಿಂತವರು ಅವರದೇ ಡೆಮಾಕ್ರಟಿಕ್ ಪಕ್ಷದ ರೋ ಖನ್ನಾ. ಇವರ ತಾತ ಅಮರನಾಥ ವಿದ್ಯಾಲಂಕಾರ್ ಸ್ವಾತಂತ್ರ್ಯ ಹೋರಾಟಗಾರರು, ಲೋಕಸಭಾ ಸದಸ್ಯರೂ ಆಗಿದ್ದವರು. ಅಧ್ಯಕ್ಷ ಒಬಾಮ ಮತ್ತು ಕಾರ್ಮಿಕ ಸಂಘಗಳ ಬೆಂಬಲ ಹೊಂಡಾ ಅವರಿಗೆ, ತಂತ್ರಜ್ಞಾನ ಕಂಪನಿಗಳ ಹಲವು ದೊಡ್ಡವರ ಬೆಂಬಲ ಖನ್ನಾ ಅವರಿಗೆ ಇತ್ತು. ಹೊಂಡಾ ಶೇ. 52ಕ್ಕೆ 48ರ ಅಂತರದಲ್ಲಿ ಉಳಿದುಕೊಂಡರು. 2016ರಲ್ಲಿ ಅದೇ ಇಬ್ಬರು ಮತ್ತೆ ಎದುರಾದಾಗ ಖನ್ನಾ ಶೇ. 61ರಷ್ಟು ಮತ ಪಡೆದು ಗೆದ್ದರು. ಆ ಎರಡೂ ಚುನಾವಣೆಗಳಲ್ಲಿ ಕರಪತ್ರ ಹಿಡಿದು ಕಾರ್ಯಕರ್ತರು ನಮ್ಮ ಅಪಾರ್ಟ್‌ಮೆಂಟಿಗೆ ಬಂದರು. ಬಾಗಿಲು ತೆರೆದ ನಾನು ಪೌರಳಲ್ಲ ಎಂದಾಗ ಕೆಲವರು ನಕ್ಕು ಮುಂದಕ್ಕೆ ಹೋದರು. ಒಬ್ಬ ಹಿರಿಯ ಮಹಿಳೆ ಮಾತ್ರ ನಿಂತು, ನಿಮಗೆ ಯಾವ ವಿಷಯ ಮುಖ್ಯ ಎಂದು ಕೇಳಿ, ಹೇಳಿದ್ದನ್ನು ಬರೆದುಕೊಂಡರು.

ನನಗೆ ಮುಖ್ಯವಾಗಿದ್ದುದು ಗ್ರೀನ್ ಕಾರ್ಡಿನ ಸರತಿ. ಉದ್ಯೋಗದ ಆಧಾರದ ಮೇಲೆ ಕೊಡುವ ಗ್ರೀನ್ ಕಾರ್ಡುಗಳಲ್ಲಿ ಒಂದು ದೇಶದವರಿಗೆ ಸುಮಾರು ಶೇ. 7ರ ಮಿತಿಯಿದೆ; ಭಾರತದವರ ಸಂಖ್ಯೆ ಹೆಚ್ಚಿರುವುದರಿಂದ ಅವರ ಸರತಿ ವರ್ಷಗಟ್ಟಲೆ ಬೆಳೆಯುತ್ತದೆ. ಈ ಮಿತಿಯನ್ನು ತೆಗೆಯುವ ಮಸೂದೆಗೆ ಪ್ರತಿನಿಧಿ ಸಭೆ 2011ರಲ್ಲಿ 389–15 ಮತಗಳಿಂದ, ಮತ್ತೊಮ್ಮೆ 2019ರಲ್ಲಿ 365–65 ಮತಗಳಿಂದ ಒಪ್ಪಿಗೆ ಕೊಟ್ಟಿತು. ಎರಡು ಬಾರಿಯೂ ಅದು ಕಾಯ್ದೆಯಾಗಲಿಲ್ಲ. ಯಾರ ಬದುಕು ಈ ಮಸೂದೆಯನ್ನು ನಂಬಿಕೊಂಡಿತ್ತೋ ಅವರಲ್ಲಿ ಒಬ್ಬರಿಗೂ ಆ ಸದಸ್ಯರನ್ನು ಆರಿಸುವ ಹಕ್ಕಿರಲಿಲ್ಲ.

ಹಾಗೆಂದು ಪ್ರತಿನಿಧಿ ನಮ್ಮವರಾಗಿರಲಿಲ್ಲ ಎಂದು ನಾನು ಹೇಳುವುದಿಲ್ಲ. ಗ್ರೀನ್ ಕಾರ್ಡಿನ ಅರ್ಜಿ ಬಾಕಿಯಿದ್ದಾಗ ಅಮ್ಮನಿಗೆ ಶಸ್ತ್ರಚಿಕಿತ್ಸೆ ನಿಗದಿಯಾಗಿ, ನನ್ನ ಪ್ರಯಾಣದ ಅನುಮತಿ ಪತ್ರ ತಡವಾದಾಗ, ಸ್ನೇಹಿತೆಯ ಸಲಹೆಯಂತೆ ಕ್ಷೇತ್ರದ ಪ್ರತಿನಿಧಿಯ ಸ್ಥಳೀಯ ಕಚೇರಿಗೆ ಫೋನ್ ಮಾಡಿದ್ದೆ. ಅತ್ತ ಕಡೆಯವರು ಕೇಳಿದ್ದು ವಿಳಾಸವನ್ನು ಮಾತ್ರ. ಮತದಾರಳೇ ಎಂದು ಕೇಳಲಿಲ್ಲ. ನನ್ನ ಪರವಾಗಿ ವಿಚಾರಿಸಲು ಒಂದು ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿಸಿಕೊಂಡರು, ವಿಚಾರಿಸಿದರು, ಪತ್ರ ಬಂತು. ಇದನ್ನು ಕೇಳಿದಾಗ ಅಪ್ಪನ ಮುಖ ಅರಳಿತು. ಎಂಎಲ್‌ಎ ಮನೆಯ ಮುಂದೆ ಬೆಳಿಗ್ಗೆಯೇ ಅರ್ಜಿ ಹಿಡಿದು ನಿಲ್ಲುವ ಜನರನ್ನು ಜೀವನವಿಡೀ ನೋಡಿದವರು ಅವರು.

ಮತಪತ್ರದಲ್ಲಿ ಅಧ್ಯಕ್ಷ ಸ್ಥಾನದಿಂದ ಹಿಡಿದು ನಗರಸಭೆಯವರೆಗೆ ಹೆಸರುಗಳಿದ್ದವು, ಅವುಗಳ ಜೊತೆಗೆ ರಾಜ್ಯದ ಹತ್ತು ಜನಮತ ಪ್ರಸ್ತಾಪಗಳು. ಪ್ರತಿಯೊಂದನ್ನೂ ಓದಿ ಅಪ್ಪನಿಗೆ ಕನ್ನಡದಲ್ಲಿ ವಿವರಿಸುತ್ತ ತುಂಬುವ ಹೊತ್ತಿಗೆ ಸಂಜೆಯಾಯಿತು. 17ನೇ ಕ್ಷೇತ್ರದ ಸಾಲು ಬಂದಾಗ ಅವರು ತಾವಾಗಿಯೇ ಎದ್ದು ಕಿಟಕಿಯ ಬಳಿಗೆ ಹೋಗಿ ಬೆನ್ನು ತಿರುಗಿಸಿ ನಿಂತರು. ಮತಗಟ್ಟೆಯ ಶಿಸ್ತು ಅವರಲ್ಲಿ ಹಾಗೆಯೇ ಉಳಿದಿತ್ತು. ಲಕೋಟೆಯನ್ನು ಗ್ರಂಥಾಲಯದ ಎದುರಿನ ಅಧಿಕೃತ ಪೆಟ್ಟಿಗೆಗೆ ಹಾಕಿ ಬಂದೆವು. ಆ ನವೆಂಬರಿನಲ್ಲಿ ಖನ್ನಾ ಸುಮಾರು ಮೂರನೇ ಎರಡರಷ್ಟು ಮತಗಳಿಂದ ಮರಳಿ ಆಯ್ಕೆಯಾದರು.

ಮರುವರ್ಷವೇ ಕ್ಷೇತ್ರಗಳ ಗೆರೆಗಳ ಪ್ರಶ್ನೆ ಮತ್ತೆ ಮತಪತ್ರಕ್ಕೆ ಬಂತು. ಎರಡು ಜನಗಣತಿಗಳ ನಡುವಿನಲ್ಲೇ ಟೆಕ್ಸಾಸ್ ತನ್ನ ಕ್ಷೇತ್ರಗಳನ್ನು ಬದಲಿಸಿದ್ದಕ್ಕೆ ಉತ್ತರವಾಗಿ, ಆಯೋಗದ ನಕ್ಷೆಯನ್ನು ಕೆಲಕಾಲ ಬದಿಗಿಟ್ಟು ಶಾಸಕರ ನಕ್ಷೆಯನ್ನು ಬಳಸುವ 50ನೇ ಪ್ರಸ್ತಾಪವನ್ನು 2025ರ ನವೆಂಬರ್ 4ರಂದು ಮತದಾರರು ಒಪ್ಪಿದರು. ಆ ಮತಪತ್ರದ ಮುಂದೆ ನಾನು ಮೊದಲಿನದಕ್ಕಿಂತ ಹೆಚ್ಚು ಹೊತ್ತು ಕುಳಿತಿದ್ದೆ, ಏಕೆಂದರೆ ಆಯೋಗವೆನ್ನುವುದು ಈ ರಾಜ್ಯ ಕಟ್ಟಿದ ಒಳ್ಳೆಯ ಸಂಸ್ಥೆಗಳಲ್ಲಿ ಒಂದು ಎಂದು ನನ್ನ ಭಾವನೆ. 2030ರ ಜನಗಣತಿಯ ನಂತರ ಗೆರೆ ಎಳೆಯುವ ಕೆಲಸ ಮತ್ತೆ ಅದರ ಕೈಗೆ ಬರಬೇಕಾಗಿದೆ. ಆಯೋಗದ ಸದಸ್ಯರಾಗಲು ಹಲವು ವರ್ಷ ಮತದಾರರಾಗಿ ನೋಂದಾಯಿಸಿಕೊಂಡಿರಬೇಕು, ಆದರೆ ಅದರ ಸಾರ್ವಜನಿಕ ಸಭೆಗಳಲ್ಲಿ ತಮ್ಮ ಊರಿನ ಬಗ್ಗೆ ಅಹವಾಲು ಹೇಳಿಕೊಳ್ಳಲು ಮತದಾರರಾಗಿರಬೇಕಿಲ್ಲ. ನಮ್ಮ ಕಟ್ಟಡದಲ್ಲಿ ಇನ್ನೂ ಸರತಿಯಲ್ಲಿರುವ ಕನ್ನಡದ, ತೆಲುಗಿನ, ಚೀನಾದ ಕುಟುಂಬಗಳಿಗೆ ಈ ವಿಷಯವನ್ನು ನಾನು ಈಗಿನಿಂದಲೇ ಹೇಳುತ್ತಿದ್ದೇನೆ.