ಅಚ್ಚು ಬೆಲ್ಲದ ಮುಂದಿನ ಚುಕ್ಕಿ

2022ರ ಜುಲೈ 18, ಸೋಮವಾರ. ಬೆಳಿಗ್ಗೆ ಏಳಕ್ಕೇ ಮೈಸೂರು ಬಿಟ್ಟು ಮಂಡ್ಯದ ಬೆಲ್ಲದ ಮಾರುಕಟ್ಟೆಗೆ ಹೊರಟಿದ್ದೆ. ಪ್ಯಾಕ್ ಮಾಡಿ ಲೇಬಲ್ ಹಚ್ಚಿದ ಬೆಲ್ಲ, ಅಕ್ಕಿ, ಹಿಟ್ಟು, ಮೊಸರಿಗೆ ಅವತ್ತಿನಿಂದ ಶೇ 5 ಜಿಎಸ್‌ಟಿ. ಜೂನ್ ಕೊನೆಯಲ್ಲಿ ಚಂಡೀಗಢದಲ್ಲಿ ನಡೆದ ಜಿಎಸ್‌ಟಿ ಮಂಡಳಿ ಸಭೆಯಲ್ಲಿ ತೀರ್ಮಾನವಾಗಿತ್ತು. ಅಧಿಸೂಚನೆ ಬಂದಿದ್ದು ಜುಲೈ 13ಕ್ಕೆ, ಯಾವುದಕ್ಕೆ ಅನ್ವಯ ಯಾವುದಕ್ಕಿಲ್ಲ ಅನ್ನೋ ವಿವರಣೆ ಬಂದಿದ್ದು ಹಿಂದಿನ ದಿನ, ಭಾನುವಾರ.

ನಮ್ಮದು ಸರಸ್ವತಿಪುರಂನಲ್ಲಿ ಮಹಡಿ ಮೇಲಿನ ಸಣ್ಣ ಆಫೀಸು. ಐದು ಜನ ಸೇರಿ ವ್ಯಾಪಾರಿಗಳಿಗೆ ಬಿಲ್ಲಿಂಗ್ ಸಾಫ್ಟ್‌ವೇರ್ ಮಾಡಿಕೊಡುತ್ತೇವೆ. ಆಗ 34 ಗಿರಾಕಿಗಳಿದ್ದರು: ರೈಸ್ ಮಿಲ್ಲಿನವರು, ಬೆಲ್ಲದವರು, ದಿನಸಿ ಏಜೆನ್ಸಿಯವರು. ಎಲ್ಲರಿಗೂ ಒಂದೇ ಸಾಫ್ಟ್‌ವೇರ್ ಮಾರಿದ್ದೇವೆ ಎಂದು ನಾವೇ ನಂಬಿದ್ದೆವು. ಆ ವಾರ ನೋಡಿದರೆ 34 ಬೇರೆ ಬೇರೆ ಸಾಫ್ಟ್‌ವೇರ್ ಇದ್ದವು.

ಹೇಗೆ ಅಂದರೆ, 2017ರ ಜುಲೈ 1ಕ್ಕೆ ಜಿಎಸ್‌ಟಿ ಬಂದಾಗ ಗಿರಾಕಿಗಳು ಒಬ್ಬರ ಹಿಂದೆ ಒಬ್ಬರು ಬಂದರು. ಒಬ್ಬರಿಗೆ ಹಮಾಲಿ ಬಿಲ್ಲಿನಲ್ಲೇ ಕಾಣಬೇಕು. ಇನ್ನೊಬ್ಬರಿಗೆ ಚೀಲದ ತೂಕ ತಾನಾಗೇ ಕಳೆಯಬೇಕು. ಮತ್ತೊಬ್ಬರಿಗೆ ಅಪ್ಪನ ಕಾಲದ ಖಾತೆ ನಂಬರೇ ಮುಂದುವರಿಯಬೇಕು. ನಾನು ಎಲ್ಲದಕ್ಕೂ "ಆಗ್ಲಿ ಯಜಮಾನ್ರೇ, ಮಾಡ್ಕೊಡ್ತೀನಿ" ಅಂದೆ. ಪ್ರತಿ ಸಲವೂ ಇರೋ ಪ್ರೋಗ್ರಾಮನ್ನು ನಕಲು ಮಾಡಿ, ಅದರೊಳಗೇ ತಿದ್ದಿ ಕೊಟ್ಟೆವು. ದುಡ್ಡು ಕೇಳಲಿಲ್ಲ. ಅದನ್ನು ಒಳ್ಳೆ ಸರ್ವೀಸ್ ಅಂದುಕೊಂಡಿದ್ದೆವು. ಹೀಗಾಗಿ ತೆರಿಗೆಯ ಒಂದು ಬದಲಾವಣೆಗೆ 34 ಕಡೆ ಕೈ ಹಾಕಬೇಕಾಯಿತು. ಒಂಬತ್ತು ದಿನ ಹಿಡಿಯಿತು. ಬಿಲ್ ಆಗದೆ ಕೆಲವರ ಲೋಡು ಅಂಗಡಿ ಮುಂದೆಯೇ ನಿಂತಿತ್ತು. ಅವರ ಫೋನ್ ಎತ್ತುವುದಕ್ಕೇ ನನಗೆ ಸಂಕಟವಾಗುತ್ತಿತ್ತು.

ಮಂಡ್ಯದ ಆ ಅಂಗಡಿ ಇವತ್ತಿಗೂ ಕಣ್ಣಿಗೆ ಕಟ್ಟಿದ ಹಾಗಿದೆ. ಬಾಗಿಲಿಗೇ ಬೆಲ್ಲದ ವಾಸನೆ, ತೆರೆದ ಬುಟ್ಟಿಗಳ ಮೇಲೆ ಜೇನುನೊಣ, ಜಿಗುಟು ಹಿಡಿದ ಕೀಬೋರ್ಡು. ಅಚ್ಚು, ಕುರಿಕಟ್ಟು, ಬಕೆಟ್ ಅಂತ ನಾನಾ ಬಗೆಯ ಬೆಲ್ಲ. ಬಿಡಿಯಾಗಿಯೂ ಮಾರುತ್ತಾರೆ, ಕಿಲೋ ಲೆಕ್ಕದಲ್ಲಿ ಪ್ಯಾಕೆಟ್ ಮಾಡಿ ಬೆಂಗಳೂರಿಗೂ ಕಳಿಸುತ್ತಾರೆ. ನಾನು ಲ್ಯಾಪ್‌ಟಾಪ್ ತೆಗೆಯುವ ಹೊತ್ತಿಗೆ ಗುಮಾಸ್ತರು ಆಗಲೇ ಬಿಲ್ ಹೊಡೆಯುತ್ತಿದ್ದರು, ತೆರಿಗೆ ಸಮೇತ. ಹೇಗೆ ಅಂತ ಕೇಳಿದೆ.

"ನಿನ್ನೆ ರಾತ್ರಿನೇ ಇನ್ನೊಂದು ಐಟಂ ಮಾಡ್ಕೊಂಡೆ ಸಾ. ಹೆಸ್ರು ಮುಂದೆ ಚುಕ್ಕಿ ಇದ್ರೆ ಪ್ಯಾಕಿಂದು, ಇಲ್ದಿದ್ರೆ ಬಿಡಿದು. ಸ್ಟಾಕ್ ಮಾತ್ರ ತಾಳೆ ಆಯ್ತಿಲ್ಲ."

ಪರದೆ ನೋಡಿದೆ. 'ಅಚ್ಚು' ಅಂತ ಒಂದು, 'ಅಚ್ಚು.' ಅಂತ ಇನ್ನೊಂದು. ಬಿಡಿ ಬೆಲ್ಲವನ್ನೇ ಪ್ಯಾಕ್ ಮಾಡುವುದರಿಂದ ಚುಕ್ಕಿ ಇರುವ ಐಟಂನ ಸ್ಟಾಕು ಮೈನಸ್‌ಗೆ ಇಳಿದಿತ್ತು, ಇಲ್ಲದ್ದು ಹಾಗೇ ಉಳಿದಿತ್ತು. ನಾವು ಐದು ವರ್ಷದಿಂದ ತೆರಿಗೆಯನ್ನು ಐಟಂಗೆ ಕಟ್ಟಿದ್ದೆವು. ಆದರೆ ಈ ಹೊಸ ತೆರಿಗೆ ಬೆಲ್ಲಕ್ಕಲ್ಲ, ಅದರ ಪ್ಯಾಕಿಂಗಿಗೆ. ಸ್ಟಾಕು ಒಂದೇ ಇರಬೇಕು, ತೆರಿಗೆ ಮಾತ್ರ ಎರಡಾಗಬೇಕು. ಆಫೀಸಿನಲ್ಲಿ ಕೂತು ಅಧಿಸೂಚನೆಯನ್ನು ನಾಲ್ಕು ಸಲ ಓದಿದ್ದರೂ ನನಗೆ ಇದು ಹೊಳೆದಿರಲಿಲ್ಲ. ಆ ಗುಮಾಸ್ತರು ಒಂದು ಚುಕ್ಕಿಯಲ್ಲಿ ತೋರಿಸಿಕೊಟ್ಟರು. ಅವರ ಬೆನ್ನ ಹಿಂದೆ ನಿಂತು ನೋಡಿರದಿದ್ದರೆ ಫೋನಿನಲ್ಲಿ ಅವರು ಹೇಳುತ್ತಲೂ ಇರಲಿಲ್ಲ, ಯಾಕೆಂದರೆ ಅವರ ಪಾಲಿಗೆ ಅದು ಹೇಳುವಂಥ ವಿಷಯವೇ ಅಲ್ಲ.

ಮುಂದಿನ ಎಂಟು ತಿಂಗಳು ಎಲ್ಲ ನಕಲುಗಳನ್ನೂ ಒಂದಕ್ಕೆ ತಂದೆವು. ಪ್ಯಾಕಿಂಗಿಗೆ ಬೇರೆ ಕಾಲಂ ಬಂತು. ಹಮಾಲಿ, ಚೀಲದ ತೂಕ ಎಲ್ಲ ಸೆಟ್ಟಿಂಗ್ ಆದವು. ಅಲ್ಲಿಯವರೆಗೆ ಸರಿ. ಆಮೇಲೆ ಇನ್ನೊಂದು ತಪ್ಪು ಮಾಡಿದೆವು: ಇನ್ನು ಸಾಫ್ಟ್‌ವೇರೇ ಎಲ್ಲ ನೋಡಿಕೊಳ್ಳುತ್ತದೆ ಎಂದು ಅಂಗಡಿಗೆ ಹೋಗುವುದನ್ನೇ ನಿಲ್ಲಿಸಿದೆವು. ದೂರಿದ್ದರೆ ಫಾರಂ ತುಂಬಿ ಕಳಿಸಿ ಅಂದೆವು. ನಾಲ್ಕು ತಿಂಗಳು ಫೋನ್ ಬರಲಿಲ್ಲ, ನಮಗೂ ಹಾಯೆನಿಸಿತ್ತು. ವರ್ಷದ ಹಣ ಕಟ್ಟುವ ಹೊತ್ತಿಗೆ ಆರು ಜನ ಬಿಟ್ಟುಹೋಗಿದ್ದರು. ಒಬ್ಬ ಯಜಮಾನರು ನೇರವಾಗಿ ಹೇಳಿದರು: "ಸಾಫ್ಟ್‌ವೇರ್ ಚೆನ್ನಾಗೇ ಅದೆ ಕಣಪ್ಪ. ಕೇಳವ ಅಂದ್ರೆ ನೀವೇ ಇಲ್ವಲ್ಲ."

ಮೈಸೂರಿನಲ್ಲಿ ಸಾಫ್ಟ್‌ವೇರ್ ಅಂದರೆ ಹೆಬ್ಬಾಳದ ಇನ್ಫೋಸಿಸ್ ಕ್ಯಾಂಪಸ್ಸೇ ಎಲ್ಲರ ಕಣ್ಣಮುಂದೆ ಬರುವುದು. ಅಂಥ ಕಂಪನಿಯ ಹೆಚ್ಚಿನ ಆದಾಯ ಸೇವೆಯಿಂದ: ಗಿರಾಕಿಯ ಕೆಲಸವನ್ನು ತನ್ನ ಜನರ ಕೈಯಲ್ಲಿ ಮಾಡಿಸಿ, ಅದಕ್ಕೆ ಬಿಲ್ ಹಾಕುತ್ತದೆ. ಬ್ಯಾಂಕುಗಳು ಬಳಸುವ ಫಿನಾಕಲ್‌ನಂಥ ತಯಾರು ಸಾಫ್ಟ್‌ವೇರ್ ಕೂಡ ಅದರ ಬಳಗದಲ್ಲಿದೆ, ಆದರೆ ಎರಡರ ಲೆಕ್ಕವೂ ಬೇರೆ ಬೇರೆ. ನಾವು ಒಂದರ ಬೆಲೆ ತೆಗೆದುಕೊಂಡು ಇನ್ನೊಂದರ ದುಡಿಮೆ ಮಾಡುತ್ತಿದ್ದೆವು. ಈಗ ನಮ್ಮ ಬಿಲ್ಲಿನಲ್ಲಿ ಎರಡು ಸಾಲು: ಸಾಫ್ಟ್‌ವೇರಿಗೆ ಒಂದು, ಬಂದುಹೋಗುವುದಕ್ಕೆ ಒಂದು. ಎರಡನೆಯದಕ್ಕೆ ಚೌಕಾಸಿ ಆಗುತ್ತದೆ ಎಂದು ಹೆದರಿದ್ದೆ. ಆಗಲಿಲ್ಲ. ಬಿಟ್ಟುಹೋದ ಆರರಲ್ಲಿ ನಾಲ್ವರು ವಾಪಸ್ ಬಂದರು. ಬಂದುಹೋಗುವ ಹುಡುಗರಿಗೆ ನಾನು ಹೇಳಿರುವುದು ಒಂದೇ: ಒಂದೇ ಪ್ರಶ್ನೆ ಮೂರು ಅಂಗಡಿಯಲ್ಲಿ ಕೇಳಿಬಂದರೆ ಬರೆದುಕೊಂಡು ಬನ್ನಿ, ಅದು ಸಾಫ್ಟ್‌ವೇರಿನೊಳಗೆ ಹೋಗಬೇಕು.

ಕಳೆದ 2025ರ ಸೆಪ್ಟೆಂಬರ್ 22ಕ್ಕೆ ಮತ್ತೆ ದರ ಬದಲಾಯಿತು. ಅವತ್ತೇ ಇಲ್ಲಿ ದಸರಾ ಉದ್ಘಾಟನೆ. ತುಪ್ಪ ಶೇ 12ರಿಂದ 5ಕ್ಕೆ, ಬಿಸ್ಕತ್ತು 18ರಿಂದ 5ಕ್ಕೆ ಇಳಿದವು. ಈ ಸಲ ಒಂದೇ ಪಟ್ಟಿ ತಿದ್ದಿದೆವು, ರಾತ್ರಿ ಹನ್ನೆರಡು ದಾಟುವಷ್ಟರಲ್ಲಿ ಎಲ್ಲರಿಗೂ ತಲುಪಿತ್ತು. ಆದರೂ ಬೆಳಿಗ್ಗೆ ದಿನಸಿ ಏಜೆನ್ಸಿಯೊಂದಕ್ಕೆ ಹೋದೆ. ಬಿಲ್ ಸರಿಯಾಗೇ ಬರುತ್ತಿತ್ತು. ಯಜಮಾನರು ಗೋಡೌನಿನ ಕಡೆ ಕೈ ತೋರಿಸಿ, "ಹಳೇ ದರದಲ್ಲಿ ತಂದ ತುಪ್ಪ ಇಷ್ಟು ಬಿದ್ದಿದೆ, ಇದನ್ನ ಯಾವ ದರದಲ್ಲಿ ಮಾರ್ಲಿ?" ಅಂದರು. ಮಾರುವ ದಿನದ ದರವೇ ಅನ್ವಯ ಎಂದು ಹೇಳಿ, ಅವರ ಪಕ್ಕದಲ್ಲೇ ಕೂತು ಮೊದಲ ಹತ್ತು ಬಿಲ್ ಹೊಡೆಸಿದೆ. ಆಮೇಲೆ ಮಂಡ್ಯಕ್ಕೆ ಹೊರಟೆ. ಬೆಲ್ಲದ ದರ ಬದಲಾಗಿರಲಿಲ್ಲ, ಆದರೂ ಗುಮಾಸ್ತರು ಬನ್ನಿ ಅಂದಿದ್ದರು.